801 ಡಿಗ್ರಿಗೆ ಕರಗುವ ಉಪ್ಪು ಆಟಿ ತಿಂಗಳ ಮಳೆಯಲ್ಲಿ ಭರಣಿಯೊಳಗೆ ತಾನಾಗಿ ನೀರಾಗುವುದು ಹೇಗೆ?

ಉಡುಪಿಯ ವಿಜ್ಞಾನ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯಲ್ಲಿ ಲೋಹಗಳು ಮತ್ತು ಅಲೋಹಗಳ ಪಾಠ ಮಾಡುತ್ತ ಅಯಾನಿಕ ಸಂಯುಕ್ತಗಳ (ಧನ, ಋಣ ಆವೇಶ ಹೊತ್ತ ಅಯಾನುಗಳೆಂಬ ಕಣಗಳಿಂದಾದ ಉಪ್ಪಿನಂಥ ಪದಾರ್ಥಗಳ) ಗುಣಗಳನ್ನು ಬರೆಸಿ ಮುಗಿಸಿದ ದಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರದ ಕಾರಣ ಇಲ್ಲಿ ಮುಂದಿಡುತ್ತಿದ್ದೇನೆ. "ಟೀಚರ್, ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು ಎಂದು ಬರೆಸಿದಿರಿ. ಆದರೆ ನಮ್ಮ ಮನೆಯ ಉಪ್ಪಿನ ಭರಣಿಯಲ್ಲಿ ಮಳೆಗಾಲ ಬಂದರೆ ಸಾಕು, ಯಾರೂ ಬಿಸಿ ಮಾಡದೆ, ಯಾರೂ ನೀರು ಹಾಕದೆ, ಅದು ತಾನಾಗಿಯೇ ಕರಗಿ ತಳದಲ್ಲಿ ನೀರು ನಿಲ್ಲುತ್ತದಲ್ಲ?"

ಉಪ್ಪು ಗಾಳಿಯ ತೇವವನ್ನು ಹೀರುತ್ತದೆ ಎಂದು ಹೇಳಿದೆ. ಅವಳು ಅಲ್ಲಿಗೆ ಬಿಡಲಿಲ್ಲ. ಅಯಾನುಗಳು ಒಂದನ್ನೊಂದು ಅಷ್ಟು ಬಲವಾಗಿ ಹಿಡಿದಿದ್ದರೆ ಬರೀ ಗಾಳಿಯ ತೇವ ಅವುಗಳನ್ನು ಬಿಡಿಸಿದ್ದು ಹೇಗೆ ಎಂದು ಮತ್ತೆ ಕೇಳಿದಳು. ದ್ರವನ ಬಿಂದು (ಘನವು ದ್ರವವಾಗುವ ಉಷ್ಣತೆ) ಹೆಚ್ಚು, ನೀರಿನಲ್ಲಿ ಕರಗುತ್ತದೆ, ಘನರೂಪದಲ್ಲಿ ವಿದ್ಯುತ್ ಹರಿಯುವುದಿಲ್ಲ, ಗಟ್ಟಿ ಆದರೆ ಪೆಡಸು ಎಂದು ನಾವು ಸಾಲಾಗಿ ಬರೆಸುವ ಗುಣಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಇದನ್ನು ಹದಿನೈದು ವರ್ಷದ ಮಕ್ಕಳಿಗೆ ಸುಳ್ಳಾಗದಂತೆ, ಅರ್ಥವಾಗುವಂತೆ ಹೇಗೆ ಹೇಳಬಹುದು?

ಮಂಗಳೂರಿನ ನಿವೃತ್ತ ಉಪನ್ಯಾಸಕ:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ತೊಡಕಿನಲ್ಲಿ ಅರ್ಧ ಭಾಗ ರಸಾಯನಶಾಸ್ತ್ರದ್ದು, ಇನ್ನರ್ಧ ನಮ್ಮ ಕನ್ನಡದ್ದು. ಬೆಣ್ಣೆ ಬಿಸಿಗೆ ಕರಗುತ್ತದೆ, ಬೆಲ್ಲ ನೀರಿನಲ್ಲಿ ಕರಗುತ್ತದೆ. ಎರಡಕ್ಕೂ ನಾವು ಒಂದೇ ಕ್ರಿಯಾಪದವನ್ನು ಬಳಸುತ್ತೇವೆ. ಮೊದಲನೆಯದು ದ್ರವಿಸುವುದು, ಎರಡನೆಯದು ವಿಲೀನವಾಗುವುದು. ತರಗತಿಯಲ್ಲಿ ಈ ಎರಡು ಪದಗಳನ್ನು ಮೊದಲ ದಿನವೇ ಬೇರ್ಪಡಿಸಿಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ.

ಇನ್ನು ರಚನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗುಣಗಳೆಲ್ಲವೂ ಅಲ್ಲಿಂದಲೇ ಹುಟ್ಟುತ್ತವೆ. ಉಪ್ಪಿನ ಹರಳಿನಲ್ಲಿ 'ಸೋಡಿಯಂ ಕ್ಲೋರೈಡಿನ ಅಣು' ಎಂಬುದು ಇಲ್ಲವೇ ಇಲ್ಲ. ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ ಎಂದು ಆರು ಕ್ಲೋರೈಡ್ ಅಯಾನುಗಳಿವೆ. ಪ್ರತಿಯೊಂದು ಕ್ಲೋರೈಡಿನ ಸುತ್ತಲೂ ಹಾಗೆಯೇ ಆರು ಸೋಡಿಯಂ ಅಯಾನುಗಳಿವೆ. ಈ ಆರರಲ್ಲಿ ಯಾವುದು ಯಾವುದರ ಜೊತೆಗಾರ ಎಂದು ಕೇಳುವಂತಿಲ್ಲ. ನಾವು ಬರೆಯುವ ಸೂತ್ರ ಒಂದಕ್ಕೆ ಒಂದು ಎಂಬ ಪ್ರಮಾಣವನ್ನಷ್ಟೇ ಹೇಳುತ್ತದೆ. ಪಕ್ಕಪಕ್ಕದ ಎರಡು ಅಯಾನುಗಳ ಕೇಂದ್ರಗಳ ನಡುವಿನ ಅಂತರ 282 ಪಿಕೋಮೀಟರ್ (ಒಂದು ಪಿಕೋಮೀಟರ್ ಎಂದರೆ ಮಿಲಿಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು). ಹಾಗಾದರೆ ಒಂದು ಮಿಲಿಮೀಟರ್ ಉದ್ದದ ಉಪ್ಪಿನ ಕಣದ ಒಂದು ಅಂಚಿನಲ್ಲಿಯೇ ಸುಮಾರು 35 ಲಕ್ಷ ಅಯಾನುಗಳು ಸಾಲಾಗಿ ನಿಂತಿವೆ ಎಂದಾಯಿತು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಅವರಿಗೆ ಮರೆಯುವುದಿಲ್ಲ.

ಈ ಚಿತ್ರ ನಮಗೆ ಸಿಕ್ಕಿದ್ದು 1913ರಲ್ಲಿ. ಎಕ್ಸ್ ಕಿರಣಗಳು ಹರಳಿನಿಂದ ಚದುರುವ ಬಗೆಯನ್ನು ಓದಿ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಇದನ್ನು ಕಂಡುಕೊಂಡರು. ತಂದೆಯೊಂದಿಗೆ 1915ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಾಗ ಅವರಿಗೆ ಕೇವಲ 25 ವರ್ಷ. ಅಣುವೇ ಇಲ್ಲದ ಸಂಯುಕ್ತ ಎಂಬ ಮಾತು ಹಿರಿಯ ರಸಾಯನ ವಿಜ್ಞಾನಿಗಳಿಗೆ ಎಷ್ಟು ಅಪಥ್ಯವಾಗಿತ್ತೆಂದರೆ, 1927ರಲ್ಲಿಯೂ ಇಂಗ್ಲೆಂಡಿನ ಹೆನ್ರಿ ಆರ್ಮ್‌ಸ್ಟ್ರಾಂಗ್ ಉಪ್ಪನ್ನು ಚದುರಂಗದ ಮಣೆಯಂತೆ ಕಲ್ಪಿಸುವುದನ್ನು ಪತ್ರ ಬರೆದು ಖಂಡಿಸಿದರು. ಆದ್ದರಿಂದ ನಮ್ಮ ಮಕ್ಕಳಿಗೆ ಇದು ಕೂಡಲೇ ಒಪ್ಪಿಗೆಯಾಗದಿದ್ದರೆ ಬೇಸರಪಡಬೇಡಿ.

ಮತ್ತೊಂದು ಮಾತು. ಸೋಡಿಯಂ ಎಲೆಕ್ಟ್ರಾನನ್ನು 'ಕೊಡಲು ಬಯಸುತ್ತದೆ', ಕ್ಲೋರಿನ್ 'ಪಡೆಯಲು ಬಯಸುತ್ತದೆ' ಎಂದು ಹೇಳಿಕೊಡುವುದನ್ನು ದಯವಿಟ್ಟು ಬಿಡೋಣ. ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಎಣಿಕೆಗೆ ಬಳಸುವ ನಿಗದಿತ, ಬಹು ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ತೆಗೆಯಲು 496 ಕಿಲೋಜೂಲ್ ಶಕ್ತಿಯನ್ನು ನಾವು ಕೊಡಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಪಡೆದಾಗ ನಮಗೆ ಮರಳುವುದು 349 ಮಾತ್ರ. ಘನ ಸೋಡಿಯಮ್ಮನ್ನು ಬಿಡಿ ಪರಮಾಣುಗಳಾಗಿಸಲು 107, ಅರ್ಧ ಮೋಲ್ ಕ್ಲೋರಿನ್ ಅಣುಗಳನ್ನು ಒಡೆಯಲು 122 ಸೇರಿದರೆ ಒಟ್ಟು ಕೊರತೆ 376 ಕಿಲೋಜೂಲ್. ಇಷ್ಟು ಸಾಲ ಮಾಡಿ ನಡೆಯುವ ಕ್ರಿಯೆ ಏಕೆ ನಡೆಯಬೇಕು? ಬಿಡಿ ಅಯಾನುಗಳು ಒಂದರ ಬಳಿ ಒಂದು ಬಂದು ಜಾಲಕವಾಗಿ, ಅಂದರೆ ಹರಳಿನ ಆ ಅಚ್ಚುಕಟ್ಟಾದ ಜೋಡಣೆಯಾಗಿ ಕೂಡಿಕೊಂಡಾಗ 787 ಕಿಲೋಜೂಲ್ ಹೊರಬರುತ್ತದೆ. ಸಾಲ ತೀರಿ 411 ಕಿಲೋಜೂಲ್ ಉಳಿಯುತ್ತದೆ. ಉಪ್ಪನ್ನು ಉಪ್ಪಾಗಿಸುವುದು ಒಂಟಿ ಪರಮಾಣುವಿನ ಆಸೆಯಲ್ಲ, ಜಾಲಕ.

ಇನ್ನು ಭರಣಿಯ ಪ್ರಶ್ನೆ. ಬಿಸಿ ಮಾಡಿ ದ್ರವಿಸುವಾಗ ಅಯಾನು ತನ್ನ ಸ್ಥಾನವನ್ನು ಬಿಟ್ಟು ಹೊರಡಬೇಕು, ಅದನ್ನು ಹಿಡಿದುಕೊಳ್ಳಲು ಬೇರೆ ಯಾವ ಅಣುವೂ ಬರುವುದಿಲ್ಲ. ನೀರಿನಲ್ಲಿ ಹಾಗಲ್ಲ. ನೀರಿನ ಅಣುವಿನ ಆಕ್ಸಿಜನ್ ಬದಿಯಲ್ಲಿ ಸ್ವಲ್ಪ ಋಣ ಆವೇಶವೂ ಹೈಡ್ರೊಜನ್ ಬದಿಯಲ್ಲಿ ಸ್ವಲ್ಪ ಧನ ಆವೇಶವೂ ಇರುವುದರಿಂದ, ಬಿಟ್ಟುಬಂದ ಆರು ನೆರೆಯವರ ಬದಲಿಗೆ ನೀರಿನ ಅಣುಗಳು ಅಯಾನನ್ನು ಸುತ್ತುವರಿಯುತ್ತವೆ. ಹೀಗೆ ನೀರು ಸುತ್ತುವರಿದಾಗ ಬಿಡುಗಡೆಯಾಗುವ ಶಕ್ತಿ ಜಾಲಕ ಶಕ್ತಿಗಿಂತ ಹೆಚ್ಚಾದ ಕಾರಣ ಉಪ್ಪು ವಿಲೀನವಾಗುತ್ತದೆ.

ಸುರತ್ಕಲ್‌ನ ಸ್ನಾತಕೋತ್ತರ ವಿದ್ಯಾರ್ಥಿ:

ಸರ್, ನಿಮ್ಮ ಬರಹದ ಕೊನೆಯ ವಾಕ್ಯವೊಂದನ್ನು ಗೌರವಪೂರ್ವಕವಾಗಿ ತಿದ್ದಬೇಕೆನಿಸುತ್ತದೆ, ಏಕೆಂದರೆ ಅನೇಕ ಕೈಪಿಡಿಗಳಲ್ಲಿ ಇದೇ ಮಾತು ಇದೆ ಮತ್ತು ಅಡುಗೆ ಉಪ್ಪಿಗೆ ಅದು ಹೊಂದುವುದಿಲ್ಲ. ಜಾಲಕವನ್ನು ಬಿಡಿಸಲು 787 ಕಿಲೋಜೂಲ್ ಬೇಕಾದರೆ, ನೀರು ಎರಡೂ ಅಯಾನುಗಳನ್ನು ಸುತ್ತುವರಿದಾಗ ಮರಳುವುದು ಅದಕ್ಕಿಂತ ಸುಮಾರು 4 ಕಿಲೋಜೂಲ್ ಕಡಿಮೆ. ಅಂದರೆ ಶಕ್ತಿಯ ಲೆಕ್ಕದಲ್ಲಿ ಉಪ್ಪು ವಿಲೀನವಾಗುವುದು ಸಣ್ಣ ನಷ್ಟದ ವ್ಯವಹಾರ. ಆದ್ದರಿಂದಲೇ ತುಂಬ ಉಪ್ಪು ಹಾಕಿ ಕಲಕಿದ ನೀರು ಸ್ವಲ್ಪ ತಣ್ಣಗಾಗುತ್ತದೆ. ಆ ಕೊರತೆಯನ್ನು ತುಂಬುವುದು ಎಂಟ್ರೊಪಿ, ಅಂದರೆ ಕಣಗಳು ಹರಡಿಕೊಳ್ಳಬಹುದಾದ ಬಗೆಗಳ ಅಳತೆ. ಅಚ್ಚುಕಟ್ಟಾಗಿ ಕಟ್ಟಿಹಾಕಿಕೊಂಡಿದ್ದ ಅಯಾನುಗಳಿಗೆ ನೀರಿನ ತುಂಬ ಎಲ್ಲೆಂದರಲ್ಲಿ ಹರಡಿಕೊಳ್ಳುವ ಲೆಕ್ಕವಿಲ್ಲದಷ್ಟು ಬಗೆಗಳು ತೆರೆದುಕೊಳ್ಳುತ್ತವೆ, ಪ್ರಕೃತಿ ಆ ಕಡೆಗೆ ವಾಲುತ್ತದೆ.

ಮೇಡಂ, 'ಅಯಾನಿಕ ಸಂಯುಕ್ತಗಳು ನೀರಿನಲ್ಲಿ ಕರಗುತ್ತವೆ' ಎಂಬ ಸಾಲಿನ ಮುಂದೆ 'ಸಾಮಾನ್ಯವಾಗಿ' ಎಂದು ಬರೆಸಿ, ಜೊತೆಗೆ ಒಂದು ಮರುವಾಯಿ ಚಿಪ್ಪನ್ನು (ಕಪ್ಪೆಚಿಪ್ಪನ್ನು) ತರಗತಿಗೆ ಒಯ್ಯಿರಿ. ಅದೂ ಬಹುಪಾಲು ಅಯಾನಿಕ ಸಂಯುಕ್ತವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಜೀವಮಾನವಿಡೀ ನೀರಿನಲ್ಲಿಯೇ ಇದ್ದರೂ ಕರಗಿಹೋಗುವುದಿಲ್ಲ. ಅದರ ಎರಡೂ ಅಯಾನುಗಳಲ್ಲಿ ಎರಡೆರಡು ಆವೇಶಗಳಿರುವುದರಿಂದ ಜಾಲಕದ ಹಿಡಿತ ಬಹಳ ಬಿಗಿ; ಬಿಡಿಯಾದರೂ ಅವು ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಕಟ್ಟಿಹಾಕುವುದರಿಂದ ಎಂಟ್ರೊಪಿಯ ಲಾಭ ಸಿಗುವುದಿಲ್ಲ. ಆವೇಶದ ಮಹತ್ವವನ್ನು ತೋರಿಸಲು ಮೆಗ್ನೀಸಿಯಂ ಆಕ್ಸೈಡ್ ಇನ್ನೂ ಒಳ್ಳೆಯ ಉದಾಹರಣೆ. ಅದರ ಜೋಡಣೆ ಉಪ್ಪಿನಂತೆಯೇ ಇದೆ, ಆರಕ್ಕೆ ಆರು. ಆದರೆ ಆವೇಶ ಇಮ್ಮಡಿ, ಅಂತರ ಕಡಿಮೆ. ದ್ರವನ ಬಿಂದು 801ರಿಂದ 2852 ಡಿಗ್ರಿಗೆ ಏರುತ್ತದೆ. ಉಕ್ಕಿನ ಕುಲುಮೆಗಳ ಒಳಗೋಡೆಗೆ ಅದನ್ನು ಬಳಸುವುದು ಇದೇ ಕಾರಣಕ್ಕೆ. ಅಂತರವೊಂದೇ ಬದಲಾದಾಗ ಏನಾಗುತ್ತದೆ ಎನ್ನುವುದಕ್ಕೆ ಸೋಡಿಯಮ್ಮಿನ ನಾಲ್ಕು ಹ್ಯಾಲೈಡುಗಳನ್ನು ನೋಡಬಹುದು: ಫ್ಲೋರೈಡ್ 993, ಕ್ಲೋರೈಡ್ 801, ಬ್ರೋಮೈಡ್ 747, ಅಯೋಡೈಡ್ 661. ಋಣ ಅಯಾನು ದೊಡ್ಡದಾದಂತೆ ಹಿಡಿತ ಸಡಿಲವಾಗುತ್ತ ಹೋಗುತ್ತದೆ.

ಮಂಗಳೂರಿನ ನಿವೃತ್ತ ಉಪನ್ಯಾಸಕ:

ನೀವು ತಿದ್ದಿದ್ದು ಸರಿಯಾಗಿದೆ, ಒಪ್ಪುತ್ತೇನೆ. ಮೂವತ್ತು ವರ್ಷ ಈ ವಾಕ್ಯವನ್ನು ನಾನೂ ಹಾಗೆಯೇ ಹೇಳಿದ್ದೇನೆ ಎಂಬುದು ನೋವಿನ ಸಂಗತಿ. ಮೇಡಂ, ತರಗತಿಯಲ್ಲಿ ಶಕ್ತಿ 'ಬಹುತೇಕ ಸರಿಸಮವಾಗುತ್ತದೆ' ಎಂದು ಹೇಳಿದರೆ ಸುಳ್ಳಾಗುವುದಿಲ್ಲ, ಎಂಟ್ರೊಪಿಯ ಹೆಸರನ್ನು ಮುಂದಿನ ತರಗತಿಗಳಿಗೆ ಬಿಡಬಹುದು.

ಕುಂದಾಪುರದ ಗೃಹಿಣಿ:

ನಾನು ವಿಜ್ಞಾನ ಓದಿದ್ದು ಪಿಯುಸಿಯವರೆಗೆ ಮಾತ್ರ. ಆದರೆ ಭರಣಿಯ ಉಪ್ಪಿನ ವಿಷಯ ಬಂದುದರಿಂದ ಹೇಳುತ್ತಿದ್ದೇನೆ. ನಮ್ಮ ಅಜ್ಜಿ ಉಪ್ಪಿನ ಮರಿಗೆಯನ್ನು ಒಲೆಯ ಹತ್ತಿರವೇ ಇಡುತ್ತಿದ್ದರು, ಅದು ಆಟಿಯಲ್ಲಿಯೂ ಅಷ್ಟಾಗಿ ನೀರೊಡೆಯುತ್ತಿರಲಿಲ್ಲ. ಹೊಸದಾಗಿ ತಂದ ಕಲ್ಲುಪ್ಪನ್ನು ಕೆಲವು ದಿನ ಬುಟ್ಟಿಯಲ್ಲಿಟ್ಟು, ಇಳಿದ ನೀರನ್ನು ಚೆಲ್ಲಿ, ಆಮೇಲೆ ಉಪ್ಪಿನಕಾಯಿಗೂ ಉಪ್ಪುಸೊಳೆಗೂ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಬಳಸುತ್ತಿದ್ದರು. ಇಳಿದ ನೀರನ್ನು ನಾಲಿಗೆಗೆ ತಾಗಿಸಿದರೆ ಉಪ್ಪಲ್ಲ, ಕಹಿ. ಈಗ ಅಂಗಡಿಯಿಂದ ತರುವ ಪ್ಯಾಕೆಟ್ಟಿನ ಪುಡಿಯುಪ್ಪು ಮಳೆಗಾಲದಲ್ಲಿಯೂ ತಕ್ಕಮಟ್ಟಿಗೆ ಉದುರುದುರಾಗಿರುತ್ತದೆ. ಎರಡೂ ಉಪ್ಪೇ ಆದರೆ ಈ ವ್ಯತ್ಯಾಸ ಎಲ್ಲಿಂದ? ಇನ್ನೊಂದು ಸಂಶಯವೂ ಇದೆ. ಮಕ್ಕಳಿಗೆ ದೃಷ್ಟಿ ತೆಗೆದು ಉಪ್ಪನ್ನು ಬೆಂಕಿಗೆ ಹಾಕಿದರೆ ಚಟಪಟನೆ ಸಿಡಿಯುತ್ತದೆ. 801 ಡಿಗ್ರಿಯವರೆಗೆ ಏನೂ ಆಗಬಾರದ ಹರಳು ಸಿಡಿಯುವುದೇಕೆ?

ಸುರತ್ಕಲ್‌ನ ಸ್ನಾತಕೋತ್ತರ ವಿದ್ಯಾರ್ಥಿ:

ಅಕ್ಕ, ಶಿಕ್ಷಕಿಯವರ ಪ್ರಶ್ನೆಗೆ ಬೇಕಾದ ಮುಖ್ಯ ಸುಳಿವು ನಿಮ್ಮ ಅಜ್ಜಿಯ ಬುಟ್ಟಿಯಲ್ಲಿದೆ.

ಸಮುದ್ರದ ನೀರು ಒಂದು ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣಗಳನ್ನು ಹೊತ್ತಿರುತ್ತದೆ. ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಹೆಚ್ಚು, ಆದರೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಯಾನುಗಳೂ ಇವೆ. ನೀರು ಆವಿಯಾಗುತ್ತ ಬಂದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ, ಸುಮಾರು ಹತ್ತನೆಯ ಒಂದು ಪಾಲು ನೀರು ಉಳಿದಾಗ ಉಪ್ಪು ಹರಳುಗಟ್ಟುತ್ತವೆ. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ದ್ರಾವಣದಲ್ಲಿಯೇ ಉಳಿಯುತ್ತವೆ. ಈ ಕಹಿನೀರು ಕಲ್ಲುಪ್ಪಿನ ಮೈಗೂ ಹರಳುಗಳ ಸಂದಿಗೂ ಅಂಟಿಕೊಂಡು ಬರುತ್ತದೆ. ಅಜ್ಜಿ ಬುಟ್ಟಿಯಿಂದ ಇಳಿಸಿ ಚೆಲ್ಲುತ್ತಿದ್ದುದು ಬಹುಪಾಲು ಮೆಗ್ನೀಸಿಯಂ ಕ್ಲೋರೈಡನ್ನೇ.

ಪ್ರತಿಯೊಂದು ಲವಣಕ್ಕೂ ಒಂದು ಮಿತಿಯಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಗರಿಷ್ಠ ತೇವದಲ್ಲಿ ಈಗಿರುವುದು ಶೇಕಡ ಎಷ್ಟು ಎಂಬ ಅಳತೆ) ಆ ಮಿತಿಯನ್ನು ದಾಟಿದರೆ ಲವಣವು ಆವಿಯನ್ನು ಎಳೆದುಕೊಂಡು ತಾನೇ ದ್ರಾವಣವಾಗುತ್ತದೆ. ಶುದ್ಧ ಸೋಡಿಯಂ ಕ್ಲೋರೈಡಿಗೆ ಈ ಮಿತಿ ಸುಮಾರು ಶೇಕಡ 75, ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು ಶೇಕಡ 33. ಮೆಗ್ನೀಸಿಯಂ ಅಯಾನು ಚಿಕ್ಕದು, ಅದರ ಆವೇಶ ಎರಡು; ನೀರಿನ ಅಣುಗಳನ್ನು ಅದು ಬಹಳ ಬಲವಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿ ವರ್ಷದ ಹೆಚ್ಚಿನ ದಿನಗಳಲ್ಲಿ 33ರ ಮಿತಿಯನ್ನು ದಾಟಿರುತ್ತದೆ, ಆದ್ದರಿಂದ ಕಹಿನೀರು ಸೇರಿದ ಕಲ್ಲುಪ್ಪು ಯಾವಾಗಲೂ ಸ್ವಲ್ಪ ಒದ್ದೆ. ಮಳೆಗಾಲದಲ್ಲಿ ಆರ್ದ್ರತೆ 75ನ್ನೂ ದಾಟಿ ದಿನಗಟ್ಟಲೆ ಮೇಲೆಯೇ ನಿಲ್ಲುತ್ತದೆ, ಆಗ ಶುದ್ಧವಾದ ಉಪ್ಪೂ ನೀರೊಡೆಯುತ್ತದೆ. ಪ್ಯಾಕೆಟ್ಟಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕಡಿಮೆ, ಮೇಲಾಗಿ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪದಾರ್ಥವನ್ನೂ ಸೇರಿಸಿರುತ್ತಾರೆ. ಒಲೆಯ ಬದಿಯ ಮರಿಗೆಯ ಸುತ್ತ ಗಾಳಿ ಬಿಸಿಯಾಗಿರುವುದರಿಂದ, ಅಷ್ಟೇ ತೇವವಿದ್ದರೂ ಅಲ್ಲಿಯ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ.

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ತೇವ ಹರಳಿನ ನಡುವಿನಿಂದ ಅಯಾನುಗಳನ್ನು ಕೀಳುವುದಿಲ್ಲ. ಹೊರಮೈಯ, ಅದರಲ್ಲಿಯೂ ಮೂಲೆಯ ಮತ್ತು ಅಂಚಿನ ಅಯಾನುಗಳಿಗೆ ಆರು ನೆರೆಯವರಿರುವುದಿಲ್ಲ. ಮೂಲೆಯದಕ್ಕೆ ಇರುವುದು ಮೂರೇ. ನೀರಿನ ಕೆಲಸ ಅಲ್ಲಿಂದ ಶುರುವಾಗಿ ಒಂದೊಂದೇ ಪದರವಾಗಿ ಒಳಸರಿಯುತ್ತದೆ.

ಸಿಡಿಯುವ ವಿಷಯ: ಹರಳು ಬೆಳೆಯುವಾಗ ಉಪ್ಪುನೀರಿನ ಸಣ್ಣ ಸಣ್ಣ ಹನಿಗಳು ಅದರೊಳಗೇ ಸಿಕ್ಕಿಬೀಳುತ್ತವೆ. ಬೆಂಕಿಗೆ ಬಿದ್ದಾಗ ಆ ನೀರು ಹಬೆಯಾಗಿ ಹರಳನ್ನು ಒಡೆಯುತ್ತದೆ.

ಮಲ್ಪೆಯ ದೋಣಿ ವಯರಿಂಗ್ ಕೆಲಸದವರು:

ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವವನಾದ್ದರಿಂದ ವಿದ್ಯುತ್ತಿನ ಭಾಗದ ಬಗ್ಗೆ ಎರಡು ಮಾತು. ಬೇಸಗೆಯಲ್ಲಿ ಸ್ವಿಚ್‌ಬೋರ್ಡಿನ ಮೇಲೆ ಬಿಳಿಯ ಉಪ್ಪಿನ ಪುಡಿ ಕೂತಿದ್ದರೂ ತೊಂದರೆ ಕಾಣುವುದಿಲ್ಲ. ಮಳೆ ಶುರುವಾಗುವ ಮೊದಲ ವಾರದಲ್ಲಿ ಅದೇ ಬೋರ್ಡಿನಲ್ಲಿ ಕರೆಂಟ್ ಸೋರಲು ಆರಂಭವಾಗುತ್ತದೆ. ಘನರೂಪದಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ಇಲ್ಲಿ ಓದಿದ ಮೇಲೆ ಕಾರಣ ಸ್ಪಷ್ಟವಾಯಿತು: ಒಣ ಉಪ್ಪಿನಲ್ಲಿ ಆವೇಶ ಇದೆ, ಆದರೆ ಅದು ಕದಲಲಾರದು. ತೇವ ತಾಗಿದೊಡನೆ ಅಯಾನುಗಳಿಗೆ ಕಾಲು ಬರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಸಿಹಿನೀರಿನ ಬಟ್ಟೆಯಿಂದ ಉಪ್ಪನ್ನು ಒರೆಸಿ ಒಣಗಿಸುವುದು ಒಳ್ಳೆಯದು. ಮೊದಲು ಮೈನ್ ಸ್ವಿಚ್ ಆಫ್ ಮಾಡಿರಬೇಕು ಎಂಬುದನ್ನು ಯಾರೂ ಮರೆಯಬಾರದು.

ಮಂಗಳೂರಿನ ನಿವೃತ್ತ ಉಪನ್ಯಾಸಕ:

ಮಲ್ಪೆಯವರು ಹೇಳಿದ್ದಕ್ಕೆ ಒಂದು ಮಾತನ್ನು ಜೋಡಿಸುತ್ತೇನೆ. ಅಯಾನುಗಳನ್ನು ಕದಲಿಸಲು ನೀರೇ ಬೇಕೆಂದಿಲ್ಲ, ದ್ರವಿಸಿದರೂ ಸಾಕು. 1807ರಲ್ಲಿ ಹಂಫ್ರಿ ಡೇವಿ ಸೋಡಿಯಂ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು ದ್ರವಿಸಿದ ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ ಹಾಯಿಸಿ. ನೀರಿನ ದ್ರಾವಣದಲ್ಲಿ ಪ್ರಯತ್ನಿಸಿದರೆ ಋಣ ವಿದ್ಯುದಗ್ರದಲ್ಲಿ ಸೋಡಿಯಂ ಬದಲು ಹೈಡ್ರೊಜನ್ ಬರುತ್ತದೆ.

ಪೆಡಸುತನವನ್ನು ಯಾರೂ ಎತ್ತಿಲ್ಲ. ಕಲ್ಲುಪ್ಪನ್ನು ಕುಟ್ಟಿದರೆ ಪುಡಿಯಾಗುತ್ತದೆ, ತಾಮ್ರದ ತುಂಡನ್ನು ಕುಟ್ಟಿದರೆ ಚಪ್ಪಟೆಯಾಗುತ್ತದೆ. ಪೆಟ್ಟು ಬಿದ್ದಾಗ ಹರಳಿನ ಒಂದು ಪದರ ಪಕ್ಕದ ಪದರದ ಮೇಲೆ ಒಂದೇ ಒಂದು ಸ್ಥಾನದಷ್ಟು ಜಾರಿದರೂ ಸೋಡಿಯಮ್ಮಿನ ಎದುರು ಸೋಡಿಯಂ, ಕ್ಲೋರೈಡಿನ ಎದುರು ಕ್ಲೋರೈಡ್ ಬಂದು ನಿಲ್ಲುತ್ತವೆ. ಅಷ್ಟು ಹೊತ್ತು ಹಿಡಿದಿಟ್ಟಿದ್ದ ಆವೇಶಗಳೇ ಆಗ ಒಂದನ್ನೊಂದು ತಳ್ಳಿ ಹರಳನ್ನು ಸೀಳುತ್ತವೆ. ದೊಡ್ಡ ಹರಳನ್ನು ಬ್ಲೇಡಿಟ್ಟು ಮೆಲ್ಲನೆ ತಟ್ಟಿದರೆ ಸೀಳಿದ ಮುಖಗಳು ಸಪಾಟಾಗಿ, ಲಂಬಕೋನದಲ್ಲಿ ಕಾಣುತ್ತವೆ. ನನಗೆ ಈ ಪಾಠದಲ್ಲಿ ಅತ್ಯಂತ ಪ್ರಿಯವಾದ ಪ್ರಯೋಗ ಇದು.

ಕಾರ್ಕಳದ ಅಡಿಕೆ ಬೆಳೆಗಾರ:

ಮಳೆಗಾಲದ ಮಾತಾದ್ದರಿಂದ ಬೋರ್ಡೋ ದ್ರಾವಣದ ವಿಷಯವನ್ನು ಕೇಳಬೇಕೆನಿಸಿತು. ಕೊಳೆರೋಗಕ್ಕೆ ಮದ್ದು ಬಿಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತೇವೆ. ಪಾಕ ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳೆಯಿಸಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದುತ್ತೇವೆ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಇದು ತಂದೆಯವರ ಕಾಲದಿಂದ ನಡೆದು ಬಂದ ಪದ್ಧತಿ. ಇದಕ್ಕೂ ನೀವು ಹೇಳುತ್ತಿರುವ ಅಯಾನುಗಳಿಗೂ ಸಂಬಂಧವಿದೆಯೇ? ಯೂರಿಯಾ ಮತ್ತು ಪೊಟ್ಯಾಷ್ ಎರಡೂ ಬಿಳಿ ಹರಳು, ಎರಡೂ ನೀರಿನಲ್ಲಿ ಕರಗುತ್ತವೆ. ಎರಡೂ ಅಯಾನಿಕವೇ?

ಮಂಗಳೂರಿನ ನಿವೃತ್ತ ಉಪನ್ಯಾಸಕ:

ಸಂಬಂಧ ಇದೆ, ಬಹಳ ನೇರವಾಗಿಯೇ ಇದೆ. ಮೈಲುತುತ್ತು ನೀರಿಗೆ ಬಿದ್ದಾಗ ತಾಮ್ರದ ಅಯಾನು ಮತ್ತು ಸಲ್ಫೇಟ್ ಅಯಾನು ಬೇರೆಬೇರೆಯಾಗುತ್ತವೆ, ಆಮೇಲೆ ಒಂದರ ನಡತೆಗೆ ಇನ್ನೊಂದರ ಹಂಗಿಲ್ಲ. ಬಿಡಿಯಾದ ತಾಮ್ರದ ಅಯಾನುಗಳಿಗೆ ಕತ್ತಿಯ ಕಬ್ಬಿಣ ಎಲೆಕ್ಟ್ರಾನುಗಳನ್ನು ಕೊಟ್ಟು, ತಾನು ಅಯಾನಾಗಿ ದ್ರಾವಣಕ್ಕೆ ಇಳಿಯುತ್ತದೆ. ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಸಾಕಷ್ಟು ಸುಣ್ಣವಿದ್ದರೆ ತಾಮ್ರ ಕರಗದ ನೀಲಿ ಗಸಿಯಾಗಿ ಒತ್ತರಿಸಿಕೊಂಡಿರುತ್ತದೆ, ಕತ್ತಿಗೆ ಹತ್ತಲು ಬಿಡಿ ಅಯಾನುಗಳೇ ಉಳಿದಿರುವುದಿಲ್ಲ. ಬಿಡಿ ತಾಮ್ರ ಹೆಚ್ಚಾದರೆ ಎಳೆಯ ಕಾಯಿಯೂ ಸುಡುತ್ತದೆ. ಗಸಿಯಾಗಿದ್ದರೆ ಅಲ್ಪ ಅಲ್ಪವಾಗಿ ಬಿಡುಗಡೆಯಾಗುತ್ತ ರೋಗಾಣುವನ್ನು ತಡೆಯುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತನ್ನು ಕರಗಿಸಬಾರದು ಎಂಬ ನಿಯಮಕ್ಕೂ ಇದೇ ಕಾರಣ.

ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಉಪ್ಪಿನದೇ ಜೋಡಣೆ, ದ್ರವನ ಬಿಂದು 770 ಡಿಗ್ರಿ. ಯೂರಿಯಾ ಅಯಾನಿಕವಲ್ಲ. ಅದರಲ್ಲಿ ನಿಜವಾದ ಅಣುಗಳಿವೆ, 133 ಡಿಗ್ರಿಗೇ ದ್ರವಿಸುತ್ತದೆ, ನೀರಿನಲ್ಲಿ ಕರಗಿದರೂ ಅಣುವಾಗಿಯೇ ಉಳಿಯುವುದರಿಂದ ವಿದ್ಯುತ್ತನ್ನು ಹರಿಯಬಿಡುವುದಿಲ್ಲ.

ಉಡುಪಿಯ ವಿಜ್ಞಾನ ಶಿಕ್ಷಕಿ:

ಎಲ್ಲರಿಗೂ ಕೃತಜ್ಞತೆಗಳು. ನಾಳೆ ಪೊಟ್ಯಾಷ್ ಮತ್ತು ಯೂರಿಯಾದ ದ್ರಾವಣಗಳನ್ನು ಎರಡು ಲೋಟಗಳಲ್ಲಿಟ್ಟು, ಸಣ್ಣ ಬ್ಯಾಟರಿ ಮತ್ತು ಎಲ್‌ಇಡಿ ಬಲ್ಬಿನಿಂದ ಪರೀಕ್ಷಿಸಿ ತೋರಿಸುತ್ತೇನೆ. ಕತ್ತಿಯ ಬದಲು ಕಬ್ಬಿಣದ ಮೊಳೆಯನ್ನು ಬಳಸುತ್ತೇನೆ. ಹರಳು ಸೀಳುವ ಪ್ರಯೋಗಕ್ಕಾಗಿ ಮಕ್ಕಳಿಂದಲೇ ದೊಡ್ಡ ಹರಳುಗಳನ್ನು ಬೆಳೆಸಬೇಕೆಂದು ಕಳೆದ ವಾರ ತಟ್ಟೆಯೊಂದರಲ್ಲಿ ತಿಳಿಯಾದ ಗಾಢ ಉಪ್ಪುನೀರನ್ನು ಕಿಟಕಿಯ ಬಳಿ ಇಟ್ಟಿದ್ದೆ. ಒಂದು ಹರಳೂ ಬಿದ್ದಿಲ್ಲ. ನೀರು ಇಳಿಯುವ ಬದಲು ಹೆಚ್ಚಾದಂತೆ ಕಾಣುತ್ತದೆ. ನನ್ನ ಅಳತೆ ತಪ್ಪಿತೇ?

ಸುರತ್ಕಲ್‌ನ ಸ್ನಾತಕೋತ್ತರ ವಿದ್ಯಾರ್ಥಿ:

ಅಳತೆ ತಪ್ಪಿಲ್ಲ, ಮೇಡಂ. ಪರ್ಯಾಪ್ತ (ಇನ್ನಷ್ಟು ಉಪ್ಪು ಕರಗಲಾರದಷ್ಟು ಗಾಢವಾದ) ಉಪ್ಪುನೀರು ಆರಬೇಕಾದರೆ ಕೋಣೆಯ ಆರ್ದ್ರತೆ ಶೇಕಡ 75ಕ್ಕಿಂತ ಕೆಳಗಿರಬೇಕು. ಈಗ ಕಿಟಕಿಯ ಬಳಿ ಅದು ಮೇಲೆಯೇ ಇರುವುದರಿಂದ ನಿಮ್ಮ ತಟ್ಟೆ ಗಾಳಿಯಿಂದ ನೀರನ್ನು ಪಡೆಯುತ್ತಿದೆ. ಆ ತಟ್ಟೆಯನ್ನು ಚೆಲ್ಲಬೇಡಿ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಕಾಣುತ್ತಿದೆ, ದಿನವೂ ತೂಗಿ ಬರೆದಿಡಲು ಹೇಳಿ. ಹರಳು ಬೇಕೆಂದರೆ ಅದೇ ದ್ರಾವಣವನ್ನು ಮುಚ್ಚಿಟ್ಟು ಮಾಗಿಯಲ್ಲಿ, ಡಿಸೆಂಬರ್ ಕಳೆಯುವ ಹೊತ್ತಿಗೆ, ಅಗಲವಾದ ಗಾಜಿನ ತಟ್ಟೆಗೆ ಸುರಿದು ಅಲುಗಾಡಿಸದೆ ಬಿಡಿ. ನೀರು ಆರಿ ಹರಳು ಬೀಳಲು ಶುರುವಾದ ಮೇಲೆ ಒಂದು ಸಣ್ಣ ಹರಳನ್ನು ನಡುವೆ ಇಟ್ಟರೆ ಅದರ ಮೇಲೆಯೇ ಪದರ ಕೂತು ಚೌಕವಾಗಿ ಬೆಳೆಯುತ್ತದೆ.